ಹಲ್ಲು ಎಣಿಸಿ ಜೋಡಿ ಹಚ್ಚುವ ಲೆಕ್ಕ

ನಮ್ಮ ಕಡೆ ಟಗರಿನ ಕಾಳಗದ ಪೋಸ್ಟರು ಗೋಡೆಗೆ ಬಿದ್ದರೆ ಮರಿ ಸಾಕಿದವರು ಅದರಲ್ಲಿ ಮೊದಲು ಹುಡುಕುವುದು ಹಲ್ಲಿನ ಲೆಕ್ಕವನ್ನು. ಹಾಲುಹಲ್ಲಿನ ಮರಿ, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು. ಟಗರಿಗೆ ವರ್ಷ, ಒಂದೂವರೆ ವರ್ಷ ತುಂಬುವಾಗ ಕೆಳದವಡೆಯ ಮುಂದಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಮೂಡುತ್ತವೆ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿ. ನಾಲ್ಕು ವರ್ಷದ ಹೊತ್ತಿಗೆ ಎಂಟೂ ಬಂದಿರುತ್ತವೆ. ಕಣಕ್ಕೆ ಬಿಡುವ ಮುಂಚೆ ಹಿರಿಯರೊಬ್ಬರು ತುಟಿ ಎತ್ತಿ ನೋಡುತ್ತಾರೆ, ಎಣಿಸುತ್ತಾರೆ, ಆಮೇಲೆ ಯಾವುದಕ್ಕೆ ಯಾವುದು ಜೋಡಿ ಎಂದು ತೀರ್ಮಾನಿಸುತ್ತಾರೆ. ಮೂಕ ಪ್ರಾಣಿಯನ್ನು ಹಣೆ ಒಡೆಯುವ ಹಾಗೆ ಕಾದಾಡಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಹಲ್ಲು ಎಣಿಸುವ ಪದ್ಧತಿಯಲ್ಲಿ ಒಂದು ನ್ಯಾಯವಿದೆ. ಎಂಟು ಹಲ್ಲಿನಲ್ಲಿ ಗೆದ್ದ ಟಗರಿಗೂ ಎರಡು ಹಲ್ಲಿನಲ್ಲಿ ಗೆದ್ದ ಟಗರಿಗೂ ಬೇರೆ ಬೇರೆ ಬಹುಮಾನ, ಬೇರೆ ಬೇರೆ ಹೆಸರು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುವ ಮಾತೇ ಅಲ್ಲಿ ಹುಟ್ಟುವುದಿಲ್ಲ.

ಇದು ನೆನಪಾದದ್ದು ಕುಷ್ಟಗಿಯಲ್ಲಿರುವ ತಮ್ಮನ ಮಗ ತನ್ನ ಸಿಟ್ಟನ್ನು ನನ್ನ ಮುಂದೆ ತೋಡಿಕೊಂಡಾಗ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ಹುಡುಗರು ಕೂಡಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದಾರೆ. ಆಡುವುದು ಬಿಜಿಎಂಐ, ಪಬ್ಜಿ ಮೊಬೈಲ್ ಆಟದ ಭಾರತೀಯ ರೂಪ. ವಾರವಿಡೀ ಆಡಿ, ರವಿವಾರ ರಾತ್ರಿ ಯಾರು ಮೇಲೆ ಎಂದು ಒಂದು ಪಟ್ಟಿ ಹಾಕುತ್ತಾರೆ. ಅದರಲ್ಲಿ ಇವನಿಗೆ ಹನ್ನೊಂದನೆಯ ಸ್ಥಾನ.

‘ಮ್ಯಾಲಿನವ ನಾಕು ಮಂದಿ ಕೂಡಿ ಆಡಿ ರ‍್ಯಾಂಕ್ ಪುಶ್ ಮಾಡ್ಯಾನ ದೊಡ್ಡಪ್ಪ. ನಾ ಒಬ್ಬನ ಆಡೀನಿ. ಇಬ್ಬರ ಹೆಸರೂ ಒಂದ ಪಟ್ಟ್ಯಾಗ ಹೆಂಗ ಬರೀತಾರ?’

ಪ್ರಶ್ನೆ ಸಣ್ಣದಲ್ಲ. ಜಗತ್ತಿನ ದೊಡ್ಡ ದೊಡ್ಡ ಆಟದ ಕಂಪನಿಗಳು ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತ ಎಡವಿವೆ, ತಿದ್ದಿಕೊಂಡಿವೆ, ಮತ್ತೆ ಎಡವಿವೆ. ಅವನ ಪ್ರಶ್ನೆಯನ್ನು ಬಿಡಿಸಲು ಹೊರಟರೆ ಮೂರು ಬೇರೆ ಬೇರೆ ವಸ್ತುಗಳು ಕೈಗೆ ಸಿಗುತ್ತವೆ. ಒಂದು, ಪಾಳಿ. ಆಟ ಶುರು ಮಾಡು ಎಂದು ಒತ್ತಿದಾಗ ನಾವು ನಿಲ್ಲುವ ಸಾಲು ಅದು. ಯಂತ್ರ ಆ ಸಾಲಿನಿಂದ ಹೊಂದುವವರನ್ನು ಹೆಕ್ಕಿ ಒಂದು ಪಂದ್ಯಕ್ಕೆ ಹಾಕುತ್ತದೆ. ಎರಡು, ರೇಟಿಂಗ್. ನಮ್ಮ ಬಲ ಇಷ್ಟಿರಬಹುದು ಎಂದು ಯಂತ್ರ ಮಾಡಿಟ್ಟುಕೊಂಡ ಅಂದಾಜು. ಬಹಳ ಆಟಗಳಲ್ಲಿ ಇದು ಆಟಗಾರನ ಕಣ್ಣಿಗೆ ಬೀಳುವುದೇ ಇಲ್ಲ. ಮೂರು, ಲೀಡರ್‌ಬೋರ್ಡ್, ಅಂದರೆ ಎಲ್ಲರೂ ನೋಡಲೆಂದು ತೂಗುಹಾಕಿದ ಹೆಸರುಪಟ್ಟಿ. ಈ ಮೂರನ್ನೂ ಒಂದೇ ಎಂದುಕೊಂಡಲ್ಲಿಂದಲೇ ಜಗಳ ಶುರುವಾಗುವುದು.

ನಮ್ಮ ಜಾತ್ರೆಯ ಕಣದಲ್ಲೇ ನಿಂತು ನೋಡಿದರೆ ಇದು ಇನ್ನೂ ತಿಳಿಯಾಗುತ್ತದೆ. ಚೀಲ ಎತ್ತುವ ಸ್ಪರ್ಧೆ ಇರುತ್ತದೆ, ಕುಸ್ತಿಯೂ ಇರುತ್ತದೆ. ಕ್ವಿಂಟಲ್ ತೂಕದ ಜೋಳದ ಚೀಲ ಯಲಬುರ್ಗಾದಲ್ಲೂ ಕ್ವಿಂಟಲ್, ಗಂಗಾವತಿಯಲ್ಲೂ ಕ್ವಿಂಟಲ್. ಅದನ್ನು ಹೆಗಲಿಗೆ ಏರಿಸಿದವನ ಬಲ ಚೀಲದಿಂದಲೇ ಗೊತ್ತಾಗುತ್ತದೆ, ಎದುರಾಳಿ ಬೇಕಿಲ್ಲ. ಕುಸ್ತಿ ಹಾಗಲ್ಲ. ಇಪ್ಪತ್ತು ಕುಸ್ತಿ ಗೆದ್ದೆ ಎಂದ ಪೈಲ್ವಾನನನ್ನು ಕೇಳುವ ಮೊದಲ ಪ್ರಶ್ನೆ, ‘ಯಾರ ಕೂಡ ಹಿಡಿದಿ?’ ಅದಕ್ಕೇ ಅಖಾಡದಲ್ಲಿ ಜೋಡಿ ಹಚ್ಚುವ ಹಿರಿಯರಿಗೆ ಅಷ್ಟು ಗೌರವ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಎತ್ತರ, ಎದೆ, ಕುತ್ತಿಗೆ ನೋಡಿ, ಹಿಂದಿನ ಜಾತ್ರೆಯಲ್ಲಿ ಯಾರು ಯಾರನ್ನು ಚಿತ್ ಮಾಡಿದ್ದರು ಎಂದು ನೆನೆದು, ಆಮೇಲೆ ಕೈ ಕೂಡಿಸುತ್ತಾರೆ. ಕಾಯಿಗಾಗಿ ಹಿಡಿಯುವ ಸಣ್ಣ ಹುಡುಗರ ಕುಸ್ತಿ ಬೇರೆ, ಬೆಳ್ಳಿ ಕಡಕ್ಕಾಗಿ ನಡೆಯುವ ಕೊನೆಯ ಕುಸ್ತಿ ಬೇರೆ. ಎದುರಾಳಿಗಳ ಜೊತೆ ಆಡುವ ಫೋನಿನ ಆಟಗಳೆಲ್ಲ ಕುಸ್ತಿಯ ಜಾತಿಯವು. ಅಲ್ಲಿನ ಅಂಕ ಎದುರಾಳಿಯನ್ನು ಬಿಟ್ಟು ನಿಲ್ಲುವುದಿಲ್ಲ.

ಹಿರಿಯರ ಆ ಕಣ್ಣಂದಾಜನ್ನು ಗಣಿತಕ್ಕೆ ಇಳಿಸಿದವರು ಆರ್ಪಾಡ್ ಎಲೊ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಲೆಕ್ಕ ಸರಳ. ಇಬ್ಬರ ರೇಟಿಂಗ್ ಸಮ ಇದ್ದರೆ ಗೆಲುವಿನ ನಿರೀಕ್ಷೆ ಅರ್ಧ ಅರ್ಧ. ಒಬ್ಬ 200 ಅಂಕ ಮೇಲಿದ್ದರೆ ಅವನು ನೂರಕ್ಕೆ ಸುಮಾರು 76 ಪಾಲು ಗಳಿಸಬೇಕು. 400 ಅಂಕ ಮೇಲಿದ್ದರೆ ಸುಮಾರು 91. ಒಂದು ಪಂದ್ಯಕ್ಕೆ 20 ಅಂಕ ಪಣ ಎಂದಿಟ್ಟುಕೊಂಡರೆ, 200 ಅಂಕ ಮೇಲಿರುವವನು ಗೆದ್ದಾಗ ಅವನಿಗೆ ಬರುವುದು ಐದೇ ಅಂಕ, ಏಕೆಂದರೆ ಅದು ನಿರೀಕ್ಷಿಸಿದ್ದೇ ಆಗಿತ್ತು. ಕೆಳಗಿನವನು ಗೆದ್ದರೆ ಹದಿನೈದು. ದೊಡ್ಡವನನ್ನು ಕೆಡವಿದವನಿಗೆ ಹೆಚ್ಚು, ಸಣ್ಣವನನ್ನು ಕೆಡವಿದವನಿಗೆ ಕಡಿಮೆ. ಕುಸ್ತಿ ನೋಡಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಆದರೆ ಎಲೊ ಲೆಕ್ಕ ಒಂದು ಆಟಕ್ಕೆ ಒಂದು. ಫಿಡೆ 2012ರಿಂದ ರ‍್ಯಾಪಿಡ್ ಮತ್ತು ಬ್ಲಿಟ್ಜ್‌ಗೆ ಬೇರೆ ರೇಟಿಂಗ್, ಬೇರೆ ಪಟ್ಟಿ ಕೊಡುತ್ತಿದೆ. ಅದೇ ಹಲಗೆ, ಅದೇ ಕಾಯಿ, ಅದೇ ನಿಯಮ, ಬೇರೆಯಾದದ್ದು ಸಮಯ ಮಾತ್ರ. ಅಷ್ಟಕ್ಕೆ ಪಟ್ಟಿ ಬೇರೆ ಮಾಡಬೇಕೆ ಎಂದು ಕೇಳುವವರು ಡಿ. ಗುಕೇಶ್ ಅವರನ್ನು ನೋಡಬೇಕು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಆ ಹೊತ್ತಿಗೆ ಅವರ ಬ್ಲಿಟ್ಜ್ ರೇಟಿಂಗ್ ಕ್ಲಾಸಿಕಲ್ ರೇಟಿಂಗಿಗಿಂತ ನೂರಕ್ಕೂ ಹೆಚ್ಚು ಅಂಕ ಕೆಳಗಿತ್ತು. ಎರಡನ್ನೂ ಕೂಡಿಸಿ ಒಂದು ಸಂಖ್ಯೆ ಮಾಡಿದ್ದರೆ ಆ ಸಂಖ್ಯೆ ಅವರ ನಿಧಾನದ ಆಟವನ್ನೂ ಹೇಳುತ್ತಿರಲಿಲ್ಲ, ಅವಸರದ ಆಟವನ್ನೂ ಹೇಳುತ್ತಿರಲಿಲ್ಲ.

ಕ್ರಿಕೆಟ್ಟಿನಲ್ಲಿ ಟೆಸ್ಟ್, ಏಕದಿನ, ಟಿ20 ಶ್ರೇಯಾಂಕ ಬೇರೆ ಬೇರೆ ಇರುವುದನ್ನು ನಾವು ಪ್ರಶ್ನಿಸುವುದೇ ಇಲ್ಲ. ಪ್ರೊ ಕಬಡ್ಡಿಯಲ್ಲಿ ರೈಡ್ ಅಂಕದ ಪಟ್ಟಿ ಬೇರೆ, ಟ್ಯಾಕಲ್ ಅಂಕದ ಪಟ್ಟಿ ಬೇರೆ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನ ಅಂಕಗಳು ರೈಡರ್‌ನ ಅಂಕಗಳ ಅರ್ಧಕ್ಕೂ ಬರುವುದಿಲ್ಲ. ಒಂದೇ ಪಟ್ಟಿ ಇದ್ದಿದ್ದರೆ ಕಾಲು ಹಿಡಿಯುವ ಕಲೆಗೆ ಹೆಸರೇ ಇರುತ್ತಿರಲಿಲ್ಲ.

ನಮ್ಮ ಊರುಗಳಿಗೆ ಬಂದ ಪಬ್ಜಿ ಮೊಬೈಲ್ ಕೂಡ ಇಂಥ ವಿಂಗಡಣೆ ಮಾಡಿಕೊಂಡಿತ್ತು. ಒಬ್ಬನೇ, ಇಬ್ಬರು, ನಾಲ್ವರು ಎಂದು ಮೂರು. ಪಾತ್ರದ ಬೆನ್ನ ಹಿಂದಿನಿಂದ ನೋಡುವ ಆಟ, ಪಾತ್ರದ ಕಣ್ಣಿನಿಂದಲೇ ನೋಡುವ ಆಟ ಎಂದು ಎರಡು. ಮೂರು ಎರಡಲ ಆರು ಪಾಳಿ, ಆರು ರ‍್ಯಾಂಕ್. ಕಾಂಕರರ್ ಎಂಬ ತುದಿಯ ಪಟ್ಟ ಸರ್ವರಿನ ಮೊದಲ 500 ಮಂದಿಗೆ, ಅದೂ ಆಯಾ ವಿಭಾಗದಲ್ಲಿ. 2018ರಲ್ಲಿ ಇನ್ನೊಂದು ವಿಂಗಡಣೆ ಬಂತು. ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಮೌಸ್ ಹಿಡಿದು ಆಡುವವರನ್ನು ಫೋನಿನವರ ಜೊತೆ ಸೇರಿಸದೆ ಅವರಷ್ಟಕ್ಕೆ ಜೋಡಿ ಹಚ್ಚಲು ಶುರು ಮಾಡಿದರು. ಹೆಬ್ಬೆರಳಿನಿಂದ ಗುರಿ ಇಡುವವನನ್ನು ಮೌಸಿನವನ ಮುಂದೆ ನಿಲ್ಲಿಸುವುದೆಂದರೆ ಎರಡು ಹಲ್ಲಿನದನ್ನು ಎಂಟು ಹಲ್ಲಿನದರ ಮುಂದೆ ಬಿಟ್ಟ ಹಾಗೆ.

ನಮ್ಮ ಹುಡುಗರು ಮಾಡಿದ ತಪ್ಪು ಎಂದರೆ ಕಂಪನಿ ಬೇರೆ ಬೇರೆ ಇಟ್ಟಿದ್ದನ್ನು ತಾವೇ ಕೂಡಿಸಿದ್ದು. ಯಾವ ವಿಭಾಗದಲ್ಲಾದರೂ ಸರಿ, ಅತಿ ಮೇಲಿನ ರ‍್ಯಾಂಕ್ ಯಾವುದೋ ಅದನ್ನು ಪಟ್ಟಿಗೆ ಬರೆದರು. ಇದೇ ತಪ್ಪನ್ನು ಬಹಳ ದೊಡ್ಡ ಮಟ್ಟದಲ್ಲಿ ಮಾಡಿ ಪಾಠ ಕಲಿತವರು ಲೀಗ್ ಆಫ್ ಲೆಜೆಂಡ್ಸ್ ಆಟದ ರಾಯಟ್ ಗೇಮ್ಸ್ ಸಂಸ್ಥೆಯವರು. 2016ರಲ್ಲಿ ಅವರು ಡೈನಮಿಕ್ ಕ್ಯೂ ಎಂಬ ಹೊಸ ಪದ್ಧತಿ ತಂದರು. ಒಂಟಿಯಾಗಿ ಬಂದವನೂ, ಗೆಳೆಯರನ್ನು ಕಟ್ಟಿಕೊಂಡು ಬಂದವರೂ ಒಂದೇ ರ‍್ಯಾಂಕ್ ಪಾಳಿಗೆ. ಉದ್ದೇಶ ಒಳ್ಳೆಯದೇ ಇತ್ತು: ಗೆಳೆಯರ ಜೊತೆ ಆಡಿದರೂ ಅಂಕ ಸಿಗಲಿ. ಆದರೆ ಮೇಲಿನ ಸ್ಥಾನಗಳ ಬೆಲೆಯೇ ಅನುಮಾನಕ್ಕೆ ಬಿತ್ತು. ಈತ ತನ್ನ ಬಲದಿಂದ ಏರಿದನೋ, ಗುಂಪು ಹೊತ್ತು ತಂದಿತೋ ಪಟ್ಟಿ ನೋಡಿದವನಿಗೆ ತಿಳಿಯುತ್ತಿರಲಿಲ್ಲ. ಆಟಗಾರರು ತಿಂಗಳುಗಟ್ಟಲೆ ತಕರಾರು ಮಾಡಿದ ಮೇಲೆ ಸಂಸ್ಥೆ ಹಿಂದೆ ಸರಿಯಿತು. 2017ರ ಋತುವಿಗೆ ಒಂಟಿ ಮತ್ತು ಜೋಡಿಗೆ ಒಂದು ಪಾಳಿ, ಗುಂಪಿಗೆ ಫ್ಲೆಕ್ಸ್ ಎಂಬ ಇನ್ನೊಂದು ಪಾಳಿ, ಎರಡಕ್ಕೂ ಬೇರೆ ರ‍್ಯಾಂಕ್. ಕುಷ್ಟಗಿಯ ಹುಡುಗ ಕೇಳಿದ್ದು ಅದೇ ಪ್ರಶ್ನೆ.

ಹಾಗಾದರೆ ಎಲ್ಲವನ್ನೂ ಒಡೆದುಬಿಟ್ಟರಾಯಿತೆ? ಇಲ್ಲಿ ನಾನು ಬಹಳ ಹೊತ್ತು ನಿಂತು ಯೋಚಿಸಿದೆ, ಏಕೆಂದರೆ ನಮ್ಮಂಥ ಸಣ್ಣ ಊರುಗಳಿಗೆ ನಿಜವಾದ ಕಷ್ಟ ಎದುರಾಗುವುದು ಇಲ್ಲಿಯೇ. ಲೆಕ್ಕಕ್ಕೆ ನಾಲ್ಕೂ ಊರಿನಿಂದ ಒಂದು ರಾತ್ರಿ 120 ಹುಡುಗರು ಆಡಲು ಬಂದರು ಎಂದಿಟ್ಟುಕೊಳ್ಳೋಣ. ಒಂದೇ ಪಾಳಿಯಾದರೆ ನೂರು ಜನರ ಒಂದು ಪೂರ್ತಿ ಆಟ ನಿಮಿಷದಲ್ಲಿ ಕೂಡುತ್ತದೆ. ಆರು ಪಾಳಿ ಮಾಡಿದರೆ ಒಂದೊಂದರಲ್ಲಿ ಇಪ್ಪತ್ತು. ನಾಲ್ವರ ಆಟಕ್ಕೆ ಐದೇ ತಂಡ. ಅದರ ಮೇಲೆ ಬಲ ನೋಡಿ ಮೂರು ದರ್ಜೆ ಮಾಡಿದಿರೋ, ಆರೇಳು ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕಾಯಬೇಕು. ಕಾದು ಬೇಸತ್ತವನು ಮನೆಗೆ ಹೋಗುತ್ತಾನೆ, ಪಾಳಿ ಇನ್ನಷ್ಟು ಸಣ್ಣದಾಗುತ್ತದೆ. ಹೊಲಕ್ಕೆ ಬಿಟ್ಟ ನೀರನ್ನು ಹತ್ತು ಕಾಲುವೆಗೆ ಒಡೆದರೆ ಕೊನೆಯ ಮಡಿಗೆ ನೀರು ಮುಟ್ಟುವುದಿಲ್ಲ ಎಂಬುದು ಗಂಗಾವತಿಯ ಭತ್ತದ ರೈತರಿಗೆ ಗೊತ್ತಿರುವ ಮಾತು.

ದೊಡ್ಡ ಆಟಗಳಿಗೂ ಇದರ ಬಿಸಿ ತಟ್ಟಿದೆ. ಓವರ್‌ವಾಚ್ 2019ರಲ್ಲಿ ಪಾತ್ರಕ್ಕೊಂದು ಪಾಳಿ ಮಾಡಿತು: ಗುರಾಣಿಯಂತೆ ಮುಂದೆ ನಿಲ್ಲುವವರಿಗೆ, ಹೊಡೆಯುವವರಿಗೆ, ಗಾಯ ವಾಸಿ ಮಾಡುವವರಿಗೆ ಮೂರು ಬೇರೆ ರೇಟಿಂಗ್. ನ್ಯಾಯ ಸಿಕ್ಕಿತು. ಆದರೆ ಹೊಡೆಯುವ ಪಾತ್ರ ಎಲ್ಲರಿಗೂ ಬೇಕು, ಹಾಗಾಗಿ ಆ ಪಾಳಿಯಲ್ಲಿ ಕಾಯುವುದು ಬಹಳ ಹೆಚ್ಚಾಯಿತು. ಡೋಟಾ 2 ಆಟದಲ್ಲಿ 2013ರಿಂದ ಒಂಟಿ ಆಟಕ್ಕೂ ಗುಂಪಿನ ಆಟಕ್ಕೂ ಬೇರೆ ರೇಟಿಂಗ್ ಇತ್ತು, ಕೆಲವು ವರ್ಷಗಳ ನಂತರ ಆ ವಿಂಗಡಣೆಯನ್ನು ಕೈಬಿಟ್ಟರು.

ನನಗೆ ಹೊಳೆದದ್ದು ಇಷ್ಟು. ಪಾಳಿ ಒಡೆದರೆ ಜನ ಒಡೆಯುತ್ತಾರೆ. ಪಟ್ಟಿ ಒಡೆದರೆ ಯಾರಿಗೂ ನಷ್ಟವಿಲ್ಲ, ಇನ್ನೊಂದು ಹಾಳೆ ಬೇಕು ಅಷ್ಟೇ. ಆಡುವಾಗ ಎಲ್ಲರೂ ಕೂಡಿ ಆಡಲಿ, ಬರೆಯುವಾಗ ಬೇರೆ ಬೇರೆ ಬರೆಯಲಿ. ಕಸ್ಟಮ್ ರೂಮ್ ಹಾಕಿ ಆಡುವ ಪಂದ್ಯಾವಳಿಗಳಲ್ಲಿ ಇದು ಈಗಾಗಲೇ ನಡೆಯುತ್ತಿದೆ. 16 ತಂಡ, ತಂಡಕ್ಕೆ ನಾಲ್ವರು, ಒಟ್ಟು 64 ಮಂದಿ. ಕೊನೆಯವರೆಗೆ ಉಳಿದ ತಂಡಕ್ಕೆ 10 ಅಂಕ, ಆಮೇಲೆ 6, 5, 4, 3, 2, 1, 1, ಕೆಡವಿದ ಪ್ರತಿ ಎದುರಾಳಿಗೆ ಒಂದೊಂದು. ಇದು ತಂಡದ ಪಟ್ಟಿ. ಅದೇ ಪಂದ್ಯದಿಂದಲೇ ವೈಯಕ್ತಿಕ ಸಾಧನೆಯ ಇನ್ನೊಂದು ಪಟ್ಟಿ ತೆಗೆಯುತ್ತಾರೆ. ಆಟ ಒಂದೇ, ಓದಿಕೊಳ್ಳುವ ಬಗೆ ಎರಡು. ಒಂಟಿಯಾಗಿ ಬಂದು ಯಾವುದೋ ತಂಡಕ್ಕೆ ರ‍್ಯಾಂಡಮ್ ಆಗಿ ಸೇರಿದವರು, ಮೊದಲೇ ಕಟ್ಟಿದ ತಂಡದವರು ಎಂದು ಹೆಸರಿನ ಮುಂದೆ ಗುರುತು ಹಾಕಿಕೊಂಡರೆ ಮೂರನೆಯ ಪಟ್ಟಿಯೂ ಅದರಲ್ಲೇ ಸಿಗುತ್ತದೆ.

ಗುಂಪಿನಲ್ಲಿ ಇನ್ನೊಂದು ಸಲಹೆ ಕೇಳಿಬಂದಿತ್ತು: ಊರಿಗೊಂದು ಪಟ್ಟಿ ಮಾಡಿ, ನಾಲ್ಕು ಊರಿನವರೂ ತಮ್ಮ ತಮ್ಮಲ್ಲೇ ಆಡಲಿ, ವರ್ಷದ ಕೊನೆಗೆ ನಾಲ್ಕನ್ನೂ ಕೂಡಿಸಿ ಜಿಲ್ಲೆಯ ಪಟ್ಟಿ ಮಾಡೋಣ. ಕೇಳಲು ಅಚ್ಚುಕಟ್ಟು. ಆದರೆ ಅದರಲ್ಲಿ ಒಂದು ಕುಣಿ ಇದೆ. ರೇಟಿಂಗ್ ಎಂಬುದು ಒಂದು ಕೊಳದೊಳಗಿನ ನೀರಿನ ಮಟ್ಟ. ಎರಡು ಕೊಳಗಳ ನಡುವೆ ಕಾಲುವೆ ಇಲ್ಲದಿದ್ದರೆ ಯಾವ ಕೊಳದ ಮಟ್ಟ ಮೇಲೆ ಎಂದು ಹೇಳಲಾಗದು. ಗಂಗಾವತಿಯ 1500 ಮತ್ತು ಕುಷ್ಟಗಿಯ 1500 ಒಂದೇ ಸಂಖ್ಯೆ, ಒಂದೇ ಬಲವಲ್ಲ. ಚೆಸ್ ಜಗತ್ತು ಇದನ್ನು ಎರಡು ಸಲ ಗಟ್ಟಿಯಾಗಿ ಕಲಿಯಿತು. ಅಮೆರಿಕದ ವರ್ಜೀನಿಯಾದ ಜೈಲಿನಲ್ಲಿದ್ದ ಕ್ಲಾಡ್ ಬ್ಲಡ್‌ಗುಡ್ ಎಂಬ ಕೈದಿ ಸಹಕೈದಿಗಳೊಂದಿಗೇ ಆಡಿ ಆಡಿ 1996ರ ಹೊತ್ತಿಗೆ 2700 ಅಂಕ ದಾಟಿದ, ರೇಟಿಂಗ್ ಪಟ್ಟಿಯಲ್ಲಿ ಇಡೀ ದೇಶಕ್ಕೇ ಎರಡನೆಯವನಾದ. ಆಟ ತಿಳಿದವನೇ, ಆದರೆ ಆ ಎತ್ತರದ ಆಟಗಾರನಲ್ಲ. ಹೊರಗಿನ ನೀರು ಬಾರದ ಕೊಳದಲ್ಲಿ ಹೊಸಬರ ಅಂಕಗಳೆಲ್ಲ ಹರಿದು ಅವನಲ್ಲಿಗೆ ಬಂದಿದ್ದವು. ಇನ್ನೊಂದು ಅದಕ್ಕೂ ಹಿಂದಿನದು, 1987ರದು. ಮಹಿಳೆಯರು ಬಹುಪಾಲು ತಮ್ಮೊಳಗೇ ಆಡುತ್ತಿದ್ದ ಕಾರಣ ಅವರ ರೇಟಿಂಗ್ ಕೆಳಗೆ ಉಳಿದಿದೆ ಎಂದು ಫಿಡೆ ಎಲ್ಲ ಮಹಿಳೆಯರಿಗೂ ಒಟ್ಟಿಗೆ 100 ಅಂಕ ಸೇರಿಸಿತು, ಗಂಡಸರ ಜೊತೆ ಹೆಚ್ಚು ಆಡುತ್ತಿದ್ದ ಸೂಸಾನ್ ಪೊಲ್ಗಾರ್ ಒಬ್ಬರನ್ನು ಬಿಟ್ಟು. ಆ ಅಂಕಗಳ ಬಲದಿಂದಲೇ ಆಕೆಯ ಅಗ್ರಸ್ಥಾನ ಕೈತಪ್ಪಿತು. ಒಡೆದ ಪಟ್ಟಿಗಳನ್ನು ಮೇಜಿನ ಮೇಲೆ ಕುಳಿತು ಕೂಡಿಸಹೊರಟರೆ ಯಾರಿಗಾದರೂ ಅನ್ಯಾಯ ಆಗಿಯೇ ಆಗುತ್ತದೆ.

ಆದ್ದರಿಂದ ಊರಿಗೊಂದು ಪಟ್ಟಿ ಬೇಕೆಂದರೆ ಇರಲಿ, ಹುಡುಗರಿಗೆ ಊರ ಹೆಮ್ಮೆ ಇರುತ್ತದೆ. ಆಟ ಮಾತ್ರ ಊರಿಂದೂರಿಗೆ ಹರಿಯಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ನಾಲ್ಕೂ ಊರಿನವರನ್ನು ಬೆರೆಸಿದ ತಂಡಗಳು ಆಡಿದರೆ ಕಾಲುವೆ ತೆರೆದ ಹಾಗೆ.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ಇದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಗೂ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಎರೆ ಮತ್ತು ಮಸಾರಿ ಹೊಲಗಳಿಗೂ ಬದುಕು ಒಂದೇ ಅಲ್ಲ. ಬೆಳೆ ಕೈಕೊಟ್ಟ ವರ್ಷ ಈ ಕಡೆಯ ಎಷ್ಟೋ ಮನೆಗಳು ಬೀಗ ಹಾಕಿ ಗುಳೆ ಹೋಗುತ್ತವೆ, ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ. ಅಪ್ಪ ಅವ್ವನ ಜೊತೆ ಹುಡುಗನೂ ಹೋಗುತ್ತಾನೆ. ಮೂರು ನಾಲ್ಕು ತಿಂಗಳು ಇಟ್ಟಿಗೆ ಹೊತ್ತು, ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗುವವನಿಗೆ ಆಟ ಎಲ್ಲಿಯದು? ಆದರೆ ಬಹಳ ಲೀಡರ್‌ಬೋರ್ಡುಗಳಲ್ಲಿ ಒಂದು ನಿಯಮ ಇದೆ: ಇಷ್ಟು ದಿನ ಆಡದಿದ್ದರೆ ಅಂಕ ಕಡಿತ. ನಮ್ಮ ಹುಡುಗರೂ ಅದನ್ನೇ ನಕಲು ಮಾಡಿದ್ದರು, ವಾರಕ್ಕೆ 50 ಅಂಕ ಕಡಿತ. ಗುಳೆ ಹೋಗಿ ಬಂದ ಯಲಬುರ್ಗಾ ಕಡೆಯ ಹುಡುಗನೊಬ್ಬ ಮೂರನೆಯ ಸ್ಥಾನದಿಂದ ಪಟ್ಟಿಯ ತಳಕ್ಕೆ ಬಿದ್ದಿದ್ದ.

ಇದಕ್ಕೂ ಗಣಿತದಲ್ಲಿ ಉತ್ತರ ಇದೆ, ಅದು ಎಲೊ ಪದ್ಧತಿಯನ್ನು ತಿದ್ದಿದ ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರದು. 1990ರ ದಶಕದಲ್ಲಿ ಅವರು ರೂಪಿಸಿದ ಗ್ಲಿಕೊ ಪದ್ಧತಿಯಲ್ಲಿ ಪ್ರತಿ ಆಟಗಾರನಿಗೂ ಎರಡು ಸಂಖ್ಯೆ: ಒಂದು ರೇಟಿಂಗ್, ಇನ್ನೊಂದು ಆ ರೇಟಿಂಗನ್ನು ಎಷ್ಟು ನಂಬಬಹುದು ಎಂಬ ಅಳತೆ. ಆಡದೆ ಉಳಿದವನ ರೇಟಿಂಗ್ ಇಳಿಯುವುದಿಲ್ಲ, ಅನುಮಾನದ ಸಂಖ್ಯೆ ನಿಧಾನಕ್ಕೆ ಏರುತ್ತದೆ. ಮರಳಿ ಬಂದು ನಾಲ್ಕಾರು ಪಂದ್ಯ ಆಡಿದರೆ ಅದು ಬೇಗ ಇಳಿಯುತ್ತದೆ. ಮೈಕ್ರೋಸಾಫ್ಟ್ 2005ರಲ್ಲಿ ಎಕ್ಸ್‌ಬಾಕ್ಸ್ ಲೈವ್‌ಗಾಗಿ ತಂದ ಟ್ರೂಸ್ಕಿಲ್ ಇದೇ ದಾರಿಯಲ್ಲಿ ಹೋಗಿ ಗುಂಪಿನ ಆಟಕ್ಕೂ ಲೆಕ್ಕ ಹಾಕಿತು. ಅದರಲ್ಲಿ ಹೊಸಬನ ಅಂದಾಜು 25, ಅನುಮಾನ ಅದರ ಮೂರನೆಯ ಒಂದು ಪಾಲು. ಪಟ್ಟಿಯಲ್ಲಿ ತೋರಿಸುವುದು ಅಂದಾಜಿನಿಂದ ಮೂರು ಪಟ್ಟು ಅನುಮಾನ ಕಳೆದು ಉಳಿದದ್ದನ್ನು, ಅಂದರೆ ಹೊಸಬನಿಗೆ ಸೊನ್ನೆ. ಜೋಡಿ ಹಚ್ಚುವಾಗ ಮಾತ್ರ ಅವನನ್ನು 25ರವನೆಂದೇ ನೋಡುತ್ತಾರೆ. ಸೊನ್ನೆಯವರ ಜೊತೆ ಕೂಡಿಸಿ ಅವಮಾನ ಮಾಡುವುದಿಲ್ಲ. ಪಾಳಿಗೆ ಒಂದು ಸಂಖ್ಯೆ, ಪಟ್ಟಿಗೆ ಇನ್ನೊಂದು. ಈ ಸೂಕ್ಷ್ಮವನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಲಿಚೆಸ್ ಎಂಬ ಉಚಿತ ಚೆಸ್ ತಾಣದಲ್ಲೂ ಹೀಗೆಯೇ. ಅನುಮಾನ ಹೆಚ್ಚಿದ್ದಾಗ ರೇಟಿಂಗಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಅನುಮಾನ ಕಳೆಯುವವರೆಗೆ ಹೆಸರು ಲೀಡರ್‌ಬೋರ್ಡಿಗೆ ಬರುವುದಿಲ್ಲ, ಅಂಕ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಹಣದ ವಿಚಾರ ಚುಟುಕಾಗಿ. ಪಟ್ಟಿ ಇದ್ದಲ್ಲಿ ಪಂದ್ಯಕ್ಕೆ ಪ್ರವೇಶ ಶುಲ್ಕ ಕೂಡಿಸಿ ಗೆದ್ದವನಿಗೆ ಹಂಚೋಣ ಎನ್ನುವವರು ಬಂದೇ ಬರುತ್ತಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಕ್ರೀಡೆಗೆ ಮಾನ್ಯತೆ ಕೊಟ್ಟು, ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಣ ಕೂಡಿಸಿ ಆಡುವ ಹುಡುಗರಿಗೆ ತಾವು ಗೆರೆಯ ಯಾವ ಕಡೆ ನಿಂತಿದ್ದೇವೆ ಎಂಬುದೂ ತಿಳಿದಿರುವುದಿಲ್ಲ. ನಾನು ತಮ್ಮನ ಮಗನಿಗೆ ಹೇಳಿದೆ: ಗೆದ್ದವರಿಗೆ ಕಾಯಿ ಕೊಡ್ರಿ, ಸಣ್ಣ ಹುಡುಗರ ಕುಸ್ತಿಗೆ ಕೊಟ್ಟ ಹಾಗೆ.

ಎರಡು ವಾರ ಬಿಟ್ಟು ಹೊಸ ಪಟ್ಟಿಯನ್ನು ನನಗೂ ಕಳಿಸಿದ. ಮೂರು ಹಾಳೆ. ಒಂಟಿ ಆಟದ್ದು, ಇಬ್ಬರದ್ದು, ನಾಲ್ವರದ್ದು. ಒಂಟಿಯಲ್ಲಿ ಅವನು ನಾಲ್ಕನೆಯವನು. ನಾಲ್ವರದ್ದರಲ್ಲಿ ಮೊದಲ ಸ್ಥಾನ ಹಳೆಯ ಹುಡುಗನದ್ದೇ, ಅದರ ಬಗ್ಗೆ ಈಗ ಇವನಿಗೆ ತಕರಾರಿಲ್ಲ. ಹಾಳೆಯ ಕೆಳಗೆ ಗೆರೆ ಎಳೆದು ಮೂರು ಹೆಸರು ಬೇರೆ ಬರೆದಿದ್ದರು. ಅದರಲ್ಲೊಂದು ಗುಳೆ ಹೋಗಿ ಬಂದ ಹುಡುಗನದ್ದು. ಹೋಗುವಾಗ ಇದ್ದಷ್ಟೇ ಅಂಕ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

‘ಹತ್ತು ಮ್ಯಾಚ್ ಆಡಿದ್ರ ಅದನ್ನ ತೆಗೀತೀವಿ ದೊಡ್ಡಪ್ಪ’ ಎಂದ. ‘ಈಗಾಗ್ಲೆ ಆರು ಆಡ್ಯಾನ.’